ವಿದ್ಯಾರ್ಥಿ ಸಂಘದ ಜಾಲತಾಣ: ನೆಲೆಯ ಆಯ್ಕೆ

(ಕನ್ನಡ ಮಾಧ್ಯಮ ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗಳಲ್ಲಿ ವಿದ್ಯಾರ್ಥಿ ಸಂಘಗಳಿಗೆ ಕೊರತೆಯಿಲ್ಲ. ವಿದ್ಯಾರಂಗ ಕಲಾಸಾಹಿತ್ಯ ವೇದಿಕೆ, ಕನ್ನಡ ಸಂಘ, ವಿಜ್ಞಾನ ಸಂಘ, ಪರಿಸರ ಸಂಘ, ಪ್ರೌಢಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಘಟಕ, ಹೀಗೆ ಹಲವಿವೆ. ಶಾಲೆ ತೆರೆದ ಕೆಲವು ವಾರಗಳಲ್ಲಿ ಇವು ಉದ್ಘಾಟನೆಗೊಳ್ಳುತ್ತವೆ. ವರ್ಷಾಂತ್ಯದಲ್ಲಿ ವರದಿ ವಾಚನದೊಂದಿಗೆ ಮುಕ್ತಾಯಗೊಳ್ಳುತ್ತವೆ. ಈ ನಡುವೆ ಮಕ್ಕಳು ಬರೆದ ಕತೆ, ಕವನ, ಪ್ರವಾಸಕಥನ, ಅಜ್ಜಿಯಂದಿರಿಂದ ಕೇಳಿ ಬರೆದುಕೊಂಡ ಗಾದೆ, ಒಗಟುಗಳು ಕೈಬರಹದ ಪತ್ರಿಕೆಯಾಗಿ ರೂಪುಗೊಳ್ಳುತ್ತವೆ. ಆ ಪತ್ರಿಕೆಗೆ ಇರುವುದು ಒಂದೇ ಒಂದು ಪ್ರತಿ. ಅದು ಗ್ರಂಥಾಲಯದ ಕಪಾಟನ್ನು ಸೇರುತ್ತದೆ. ಕರಾವಳಿಯ ಮಳೆಗಾಲದ ತೇವ ಮತ್ತು ಗೆದ್ದಲು ಅದನ್ನು ಎಷ್ಟು ವರ್ಷ ಉಳಿಸುತ್ತವೆಂಬುದು ನಮಗೆಲ್ಲ ತಿಳಿದದ್ದೇ.

ಆದ್ದರಿಂದ ಮಕ್ಕಳ ಬರಹವನ್ನು ಜಾಲತಾಣವೊಂದರಲ್ಲಿ ಪ್ರಕಟಿಸೋಣ ಎಂಬ ಯೋಚನೆ ಇಂದು ಅನೇಕ ಶಾಲೆಗಳಲ್ಲಿ ಮೂಡಿದೆ. ಇದು ಸ್ವಾಗತಾರ್ಹವಾದದ್ದು. ಕಾಸರಗೋಡಿನ ಹಳ್ಳಿಯೊಂದರ ವಿದ್ಯಾರ್ಥಿನಿ ಬರೆದುದನ್ನು ತಾಳವಾಡಿಯಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿರುವ ಇನ್ನೊಬ್ಬ ವಿದ್ಯಾರ್ಥಿ ಓದುವ ಅವಕಾಶ ಬೇರೆ ಯಾವ ದಾರಿಯಿಂದಲೂ ಇಷ್ಟು ಸುಲಭವಾಗಿ ಒದಗಲಾರದು. ಬೇರೆ ಬೇರೆ ರಾಜ್ಯಗಳ ಪಠ್ಯಕ್ರಮಗಳಲ್ಲಿ ಹಂಚಿಹೋಗಿರುವ ಗಡಿನಾಡಿನ ಕನ್ನಡ ಮಕ್ಕಳಿಗೆ ಒಬ್ಬರನ್ನೊಬ್ಬರು ಓದುವ ತಾಣ ಬೇಕು.

ಆದರೆ ತಾಣವನ್ನು ಯಾವ ನೆಲೆಯ ಮೇಲೆ ಕಟ್ಟಬೇಕು? ಅಂದರೆ ಯಾವ ಪ್ಲಾಟ್‌ಫಾರ್ಮ್ ಆರಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಯೋಚಿಸದೆ ತೀರ್ಮಾನಿಸಿಬಿಡುತ್ತೇವೆ. ಯಾರಿಗೋ ತಿಳಿದಿರುವುದನ್ನು, ಯಾವುದೋ ಮಾದರಿ ಕಣ್ಣಿಗೆ ಚೆನ್ನಾಗಿ ಕಂಡುದನ್ನು ಹಿಡಿದುಕೊಳ್ಳುತ್ತೇವೆ. ನನ್ನ ಅಭಿಪ್ರಾಯ ಇಷ್ಟೇ: ತಾಣ ಕಟ್ಟುವುದು ಎಷ್ಟು ಸುಲಭ ಎಂಬುದಕ್ಕಿಂತ, ಅಲ್ಲಿಂದ ನಮ್ಮ ಬರಹವನ್ನು ಇಡಿಯಾಗಿ ಹೊರತೆಗೆದುಕೊಂಡು ಹೋಗುವುದು ಎಷ್ಟು ಸುಲಭ ಎಂಬುದನ್ನು ಮೊದಲು ನೋಡಬೇಕು.

ಇದಕ್ಕೆ ಕಾರಣವಿದೆ. ಅಂತರ್ಜಾಲದ ಉಚಿತ ನೆಲೆಗಳು ಶಾಶ್ವತವಲ್ಲ. 1990ರ ದಶಕದಲ್ಲಿ ಜಗತ್ತಿನಾದ್ಯಂತ ಜನಸಾಮಾನ್ಯರು ತಮ್ಮ ಮೊದಲ ಜಾಲಪುಟಗಳನ್ನು ಕಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಭಾರತದ ಯುವಜನರಲ್ಲಿ ಅತ್ಯಂತ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ ಕೊನೆಯಲ್ಲಿ ನಿಂತುಹೋಯಿತು. ಅಧ್ಯಾಪಕರೇ ಹೆಚ್ಚಾಗಿ ಬಳಸುತ್ತಿದ್ದ ವಿಕಿಸ್ಪೇಸಸ್ 2018ರಲ್ಲಿ ಕೊನೆಗೊಂಡಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಗೂಗಲ್ ಸೈಟ್ಸ್‌ನ ಹಳೆಯ ರೂಪದಲ್ಲಿ ತಾಣ ಕಟ್ಟಿದ್ದವರು ಹೊಸ ರೂಪಕ್ಕೆ ಬದಲಾಗಬೇಕಾಯಿತು. ಇವುಗಳಲ್ಲಿ ಹೆಚ್ಚಿನವು ಸಣ್ಣ ಸಂಸ್ಥೆಗಳ ಪ್ರಯೋಗಗಳಾಗಿರಲಿಲ್ಲ. ಆಯಾ ಕಾಲದಲ್ಲಿ ಇವು ಎಂದಿಗೂ ಇರುತ್ತವೆಂದೇ ಜನ ಭಾವಿಸಿದ್ದರು. ಮುಚ್ಚುವ ಮೊದಲು ಸೂಚನೆ ನೀಡುವುದುಂಟು. ಆದರೆ ಆ ಸೂಚನೆ ಬರುವುದು ತಾಣವನ್ನು ತೆರೆದವರ ಮಿಂಚಂಚೆಗೆ. ತೆರೆದ ಅಧ್ಯಾಪಕರು ವರ್ಗಾವಣೆಗೊಂಡೋ ನಿವೃತ್ತರಾಗಿಯೋ ಹೋಗಿದ್ದರೆ ಅದನ್ನು ಓದುವವರು ಯಾರು?

ಇತರ ಶಾಲೆಗಳಿಗಿಂತ ನಮ್ಮ ಶಾಲೆಗಳಿಗೆ ಈ ಹಾನಿ ಹೆಚ್ಚಿನದು. ಮಕ್ಕಳ ಸಂಖ್ಯೆಯನ್ನು ಆಧರಿಸಿ ಡಿವಿಷನ್ ಉಳಿಯುತ್ತದೆ ಅಥವಾ ಹೋಗುತ್ತದೆ. ಕನ್ನಡದ ಡಿವಿಷನ್ ಒಂದು ನಿಂತಾಗ ಆ ಊರಿನ ಮಕ್ಕಳು ಕನ್ನಡದಲ್ಲಿ ಏನು ಬರೆದರು, ತಮ್ಮ ಗದ್ದೆಗೆ, ತೋಡಿಗೆ, ಗುಡ್ಡಕ್ಕೆ ಏನೆಂದು ಕರೆದರು ಎಂಬುದಕ್ಕೆ ಸಂಘದ ಪತ್ರಿಕೆಯ ಹೊರತು ಬೇರೆ ದಾಖಲೆ ಇರುವುದಿಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ ಭಾಷೆಗಳನ್ನು ಮನೆಯಿಂದ ತಂದು ಕನ್ನಡದಲ್ಲಿ ಬರೆಯುವ ಮಕ್ಕಳ ಮಾತು ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯದು. ಅದನ್ನು ಮೂರು ವರ್ಷದಲ್ಲಿ ಅಳಿಸಿಹೋಗುವ ಜಾಗದಲ್ಲಿಡುವುದು ಸರಿಯಲ್ಲ.

ಇನ್ನು ನೆಲೆಗಳ ವಿಚಾರಕ್ಕೆ ಬರೋಣ. ನಮ್ಮ ಸಂಘಗಳಿಗೆ ಬೇಕಾದದ್ದು ಬಹಳವಲ್ಲ. ತಿಂಗಳಿಗೆ ನಾಲ್ಕಾರು ಬರಹ, ಕೆಲವು ಚಿತ್ರ, ಆಗೊಮ್ಮೆ ಈಗೊಮ್ಮೆ ಒಂದು ಧ್ವನಿಮುದ್ರಣ. ಇಷ್ಟಕ್ಕೆ ಸಾಕಾಗುವ ದಾರಿಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಬಳಗ. ಕಾರ್ಯಕ್ರಮದ ಆಹ್ವಾನ ಹಂಚಲು ಇವು ಸಾಕು. ಆದರೆ ಇವು ಜಾಲತಾಣಗಳಲ್ಲ. ಹಾಕಿದ ಬರಹ ನಾಲ್ಕು ದಿನದಲ್ಲಿ ಕೆಳಗೆ ಸರಿದುಹೋಗುತ್ತದೆ. ಎರಡು ವರ್ಷದ ಹಿಂದಿನ ಕವನವನ್ನು ಹುಡುಕಿ ತೆಗೆಯುವುದು ಪ್ರಯಾಸ. ಮೇಲಾಗಿ, 13 ವರ್ಷ ತುಂಬದವರು ಇಲ್ಲಿ ತಾವಾಗಿ ಖಾತೆ ತೆರೆಯಲಾಗದು. ನಮ್ಮ ಯು.ಪಿ. ತರಗತಿಗಳ ಮಕ್ಕಳಲ್ಲಿ ಬಹುಪಾಲು ಈ ವಯಸ್ಸಿನವರೇ.

ಎರಡನೆಯದು ಗೂಗಲ್ ಸೈಟ್ಸ್. ಇದು ಉಚಿತ, ಜಾಹೀರಾತು ಇಲ್ಲ, ಕಲಿಯಲು ಒಂದು ಪೀರಿಯಡ್ ಸಾಕು. ಶಾಲೆಯ ಪರಿಚಯ, ಸಂಘದ ಪದಾಧಿಕಾರಿಗಳ ವಿವರ, ವರ್ಷದ ಕಾರ್ಯಕ್ರಮ ಇಂಥವುಗಳಿಗೆ ಇದು ಒಪ್ಪುತ್ತದೆ. ಆದರೆ ಬರಹಗಳನ್ನು ದಿನಾಂಕಕ್ಕೆ ಅನುಗುಣವಾಗಿ ತಾನೇ ಜೋಡಿಸಿ, ವಿಷಯವಾರು ವಿಂಗಡಿಸಿ ಕೊಡುವ ಏರ್ಪಾಡು ಇದರಲ್ಲಿಲ್ಲ. ಐವತ್ತು ಬರಹ ತುಂಬುವ ಹೊತ್ತಿಗೆ ಪುಟಗಳ ನಿರ್ವಹಣೆ ಕಷ್ಟವಾಗುತ್ತದೆ.

ಮೂರನೆಯದು ಬ್ಲಾಗರ್. 1999ರಲ್ಲಿ ಆರಂಭವಾಗಿ 2003ರಿಂದ ಗೂಗಲ್ ಒಡೆತನದಲ್ಲಿರುವ ಈ ನೆಲೆ ಹಳೆಯದಾದರೂ ಪತ್ರಿಕೆಯ ಸ್ವರೂಪಕ್ಕೆ ಹೊಂದುತ್ತದೆ. ಪ್ರತಿಯೊಂದು ಬರಹಕ್ಕೂ ದಿನಾಂಕ, ವರ್ಗ, ಪ್ರತ್ಯೇಕ ವಿಳಾಸ ದೊರೆಯುತ್ತವೆ. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ನಿರ್ವಾಹಕರನ್ನಾಗಿ ಮಾಡಬಹುದು. ಎಲ್ಲ ಬರಹಗಳನ್ನು ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ಆದರೆ ಆ ಕಡತದಲ್ಲಿ ಚಿತ್ರಗಳು ಇರುವುದಿಲ್ಲ, ಚಿತ್ರಗಳ ಕೊಂಡಿಗಳಷ್ಟೇ ಇರುತ್ತವೆ. ಆದ್ದರಿಂದ ಚಿತ್ರಗಳನ್ನು ಬೇರೆಯಾಗಿ ಕಾಪಿಡಬೇಕು.

ನಾಲ್ಕನೆಯದು ವರ್ಡ್‌ಪ್ರೆಸ್. ಈ ಹೆಸರಿನಲ್ಲಿ ಎರಡು ಬಗೆಗಳಿವೆ, ಅವನ್ನು ಬೆರೆಸಬಾರದು. ವರ್ಡ್‌ಪ್ರೆಸ್ ಎಂಬುದು 2003ರಿಂದ ಇರುವ ಒಂದು ಸ್ವತಂತ್ರ ತಂತ್ರಾಂಶ. ಯಾರೂ ಅದನ್ನು ಇಳಿಸಿಕೊಂಡು ತಮ್ಮ ಸರ್ವರ್‌ನಲ್ಲಿ ನಡೆಸಬಹುದು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಅದೇ ತಂತ್ರಾಂಶವನ್ನು ಬಳಸಿ ಒಂದು ಕಂಪೆನಿ ನೀಡುವ ಸೇವೆ. ಅದರ ಉಚಿತ ಯೋಜನೆಯಲ್ಲಿ ಕಂಪೆನಿಯ ಜಾಹೀರಾತುಗಳು ಮಕ್ಕಳ ಬರಹದ ನಡುವೆ ಕಾಣಿಸಬಹುದು. ಆದರೆ ಬರಹವನ್ನು ಹೊರತೆಗೆಯುವ ಸೌಕರ್ಯ ಉತ್ತಮವಾಗಿದೆ. ಸ್ವಂತ ಸರ್ವರ್‌ನಲ್ಲಿ ನಡೆಸುವುದಾದರೆ ಹೆಸರಿಗೂ ಜಾಗಕ್ಕೂ ಪ್ರತಿವರ್ಷ ಹಣ ಕಟ್ಟಬೇಕು, ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ನವೀಕರಿಸದೆ ಬಿಟ್ಟ ತಾಣಕ್ಕೆ ಕಿಡಿಗೇಡಿಗಳು ನುಗ್ಗುವುದು ಸಾಮಾನ್ಯ. ಹಣ ಕಟ್ಟಲು ಮರೆತ ಹೆಸರನ್ನು ಬೇರೆಯವರು ಕೊಂಡುಕೊಳ್ಳಬಹುದು. ಆಗ ಶಾಲೆಯ ಹಳೆಯ ವಿಳಾಸದಲ್ಲಿ ಜೂಜಿನ ಜಾಹೀರಾತು ತೆರೆದುಕೊಂಡೀತು. ಮೊದಲ ವರ್ಷದ ಹಣವನ್ನು ಯಾರಾದರೂ ಹಳೆ ವಿದ್ಯಾರ್ಥಿ ಸಂತೋಷದಿಂದ ಕೊಟ್ಟಾರು. ನಾಲ್ಕನೆಯ ವರ್ಷ ಯಾರು ಕಟ್ಟುತ್ತಾರೆ ಎಂಬುದನ್ನು ಪಿ.ಟಿ.ಎ. ಸಭೆಯಲ್ಲಿ ಮೊದಲೇ ನಿರ್ಣಯಿಸದೆ ಈ ದಾರಿ ಹಿಡಿಯಬಾರದು.

ಐದನೆಯದು ವಿಕಿ. ಕೇರಳದಲ್ಲಿ ಕೈಟ್ ಸಂಸ್ಥೆಯು ಶಾಲೆಗಳಿಗಾಗಿ ನಡೆಸುತ್ತಿರುವ ಸ್ಕೂಲ್ ವಿಕಿಯು ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಿಂತಿದೆ. ಅದರ ಬಹುಪಾಲು ಮಲಯಾಳದಲ್ಲಿದೆ, ನಿಜ. ಆದರೆ ಅಲ್ಲಿ ಕನ್ನಡ ಲಿಪಿಯಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ನಾವು ಬರೆಯದಿದ್ದರೆ ನಮ್ಮ ಶಾಲೆಗಳ ಪುಟ ಖಾಲಿಯಾಗಿರುತ್ತದೆ. ಮಾಡಿದ ಪ್ರತಿಯೊಂದು ತಿದ್ದುಪಡಿಯ ಇತಿಹಾಸ ವಿಕಿಯಲ್ಲಿ ಉಳಿಯುವುದರಿಂದ ಅಳಿಸಿದುದನ್ನು ಮರಳಿ ತರಬಹುದು. ಶಾಲೆಯ ಚರಿತ್ರೆ, ಸ್ಥಳನಾಮ, ಸ್ಥಳೀಯ ಕಲಾವಿದರ ಪರಿಚಯ ಮುಂತಾದ ಮಾಹಿತಿ ಬರಹಗಳಿಗೆ ಇದು ಅತ್ಯುತ್ತಮ. ಮಕ್ಕಳ ಕತೆ ಕವನಗಳಿಗೆ ಮಾತ್ರ ಇದು ಅಷ್ಟು ಹೊಂದುವುದಿಲ್ಲ.

ಇವಲ್ಲದೆ, ಜಾಲಪುಟದ ಕಡತಗಳನ್ನು ಮಕ್ಕಳೇ ಬರೆದು ಗಿಟ್‌ಹಬ್ ಪೇಜಸ್‌ನಂತಹ ಉಚಿತ ಜಾಗದಲ್ಲಿಡುವ ದಾರಿಯೂ ಇದೆ. ಇದರಲ್ಲಿ ಎಲ್ಲ ಕಡತಗಳೂ ಶಾಲೆಯ ಗಣಕಯಂತ್ರದಲ್ಲಿಯೇ ಇರುತ್ತವೆ. ನೆಲೆ ಮುಚ್ಚಿದರೂ ಮರುದಿನ ಬೇರೆಡೆ ಇಡಬಹುದು. ಆದರೆ ಇದಕ್ಕೆ ಅಭ್ಯಾಸ ಬೇಕು. ಆಸಕ್ತಿಯುಳ್ಳ ಒಂಬತ್ತನೆಯ ತರಗತಿಯ ಇಬ್ಬರು ಹತ್ತನೆಯದನ್ನು ಮುಗಿಸಿ ಹೋದ ಮೇಲೆ ಮುಂದುವರಿಸುವವರಿಲ್ಲದೆ ಹೋದೀತು.

ಯಾವ ನೆಲೆಯನ್ನು ಆರಿಸಿದರೂ ನಾಲ್ಕು ಪರೀಕ್ಷೆಗಳನ್ನು ಮಾಡಲೇಬೇಕು.

ಒಂದು, ಕನ್ನಡದ ಪರೀಕ್ಷೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನವಿತ್ತು. ಹೀಗಿದ್ದರೂ ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ನಮ್ಮ ಶಾಲೆಗಳಲ್ಲಿ ಇನ್ನೂ ಬೇಕಾದಷ್ಟಿವೆ. ಅವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿ, ಬಳಿಕವೇ ಹಾಕಬೇಕು. ಪರಿವರ್ತನೆಯ ಗೋಜಿಗೆ ಹೋಗದೆ ಕವನವನ್ನು ಚಿತ್ರವಾಗಿ ಹಾಕುವ ರೂಢಿ ಹಬ್ಬುತ್ತಿದೆ. ಚಿತ್ರದಲ್ಲಿರುವ ಕನ್ನಡವನ್ನು ಪದ ಹಿಡಿದು ಹುಡುಕುವುದು ಕಷ್ಟ. ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಗಣಕಯಂತ್ರ ಅದನ್ನು ಓದಿ ಹೇಳಲಾರದು. ಅಲಂಕಾರಕ್ಕೆ ಚಿತ್ರವಿರಲಿ; ಬರಹ ಬರಹವಾಗಿಯೇ ಇರಲಿ.

ಹೊಸ ನೆಲೆಯಲ್ಲಿ ಮೊದಲು ಕೆಲವು ಪದಗಳನ್ನು ಬರೆದು ನೋಡಿ: ಸ್ವಾತಂತ್ರ್ಯ, ಸೂರ್ಯ, ಕೀರ್ತಿ, ರ‍್ಯಾಂಕ್. ಕೊನೆಯ ಪದದಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಬೇಕು. ಬರಹವನ್ನು ಉಳಿಸಿ ಮರಳಿ ತೆರೆದಾಗ ಆ ಪದ ಅರ್ಕಾವೊತ್ತಿಗೆ ತಿರುಗಿದ್ದರೆ ನೆಲೆ ಆ ಚಿಹ್ನೆಯನ್ನು ಕಿತ್ತುಹಾಕಿದೆ ಎಂದರ್ಥ. ಗಣಕಯಂತ್ರದಲ್ಲಿ ನೋಡಿದರೆ ಸಾಲದು. ಹೆತ್ತವರ ಕೈಯಲ್ಲಿರುವ ಸಾಧಾರಣ ಮೊಬೈಲಿನಲ್ಲಿಯೂ ನೋಡಬೇಕು. ಪುಟದ ವಿಳಾಸವನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಚಿಕ್ಕದಾಗಿ ಇಡುವುದು ಒಳ್ಳೆಯದು. ಕನ್ನಡದಲ್ಲಿಟ್ಟ ವಿಳಾಸವನ್ನು ನಕಲಿಸಿ ಕಳುಹಿಸುವಾಗ ಒಂದೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಷ್ಟು ಉದ್ದವಾಗಿ ಹಿಗ್ಗುವುದುಂಟು. ನಮ್ಮ ಊರುಗಳ ಹೆಸರನ್ನು ಬರಹದೊಳಗೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಎಂದು ಕನ್ನಡ ರೂಪದಲ್ಲಿಯೇ ಬರೆಯಿರಿ. ಹುಡುಕುವವರ ಅನುಕೂಲಕ್ಕಾಗಿ ಸರಕಾರಿ ದಾಖಲೆಯ ಇಂಗ್ಲಿಷ್ ರೂಪವನ್ನು ಪುಟದ ಕೆಳಗೊಮ್ಮೆ ಸೇರಿಸಿರಿ.

ಎರಡು, ಕೀಲಿಕೈಯ ಪರೀಕ್ಷೆ. ತಾಣದ ಖಾತೆ ಯಾರ ಹೆಸರಿನಲ್ಲಿದೆ? ಅಧ್ಯಾಪಕರ ಸ್ವಂತ ಮಿಂಚಂಚೆಯಿಂದಾಗಲಿ ವಿದ್ಯಾರ್ಥಿಯ ಮಿಂಚಂಚೆಯಿಂದಾಗಲಿ ತೆರೆಯಬಾರದು. ಶಾಲೆಯ ಹೆಸರಿನ ಮಿಂಚಂಚೆ ಬೇಕು. ಕನಿಷ್ಠ ಇಬ್ಬರು ಅಧ್ಯಾಪಕರು ನಿರ್ವಾಹಕರಾಗಿರಬೇಕು. ಒಬ್ಬರ ಮೊಬೈಲಿಗಷ್ಟೇ ಬರುವ ಸಂಕೇತಸಂಖ್ಯೆಯನ್ನು ನಂಬಿದರೆ ಅವರ ವರ್ಗಾವಣೆಯೊಂದಿಗೆ ತಾಣವೂ ಕೈತಪ್ಪುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ ಎಂಬುದನ್ನೂ ನೆನಪಿಡಬೇಕು. ಅಧಿಕಾರ ವಹಿಸಿಕೊಡುವಾಗ ಸ್ಟಾಕ್ ರಿಜಿಸ್ಟರ್ ಒಪ್ಪಿಸುವಂತೆ ತಾಣದ ವಿವರವನ್ನೂ ಬರಹದಲ್ಲಿ ಒಪ್ಪಿಸುವ ಪದ್ಧತಿ ಬರಲಿ. ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಿಸಿದರೂ ಸರಿಯೇ.

ಮೂರು, ಹೊರಬರುವ ದಾರಿಯ ಪರೀಕ್ಷೆ. ತಾಣ ತೆರೆದ ಮೊದಲ ವಾರದಲ್ಲಿಯೇ, ಮೂರು ಬರಹಗಳಿರುವಾಗಲೇ, ಅವನ್ನು ಹೊರತೆಗೆದು ನೋಡಿ. ಇಳಿಸಿದ ಕಡತವನ್ನು ಇನ್ನೊಂದು ಗಣಕಯಂತ್ರದಲ್ಲಿ ತೆರೆದು ಕನ್ನಡ ಕನ್ನಡವಾಗಿಯೇ ಇದೆಯೇ ಎಂದು ಪರಿಶೀಲಿಸಿ. ಇದು ಸಾಧ್ಯವಾಗದ ನೆಲೆ ಎಷ್ಟು ಸುಂದರವಾಗಿದ್ದರೂ ನಮಗೆ ಬೇಡ. ಮುಂದೆ ಪಾದವಾರ್ಷಿಕ, ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳು ಮುಗಿದಾಗಲೆಲ್ಲ ಒಂದೊಂದು ಬ್ಯಾಕಪ್ ತೆಗೆದಿಡುವ ಹೊಣೆಯನ್ನು ಸಂಘದ ಕಾರ್ಯದರ್ಶಿಗೆ ವಹಿಸಿರಿ. ವರ್ಷದ ಕೊನೆಗೆ ಎಲ್ಲವನ್ನೂ ಮುದ್ರಿಸಿ ಹೊಲಿದು ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ಕೈಬರಹದ ಪತ್ರಿಕೆಯನ್ನೂ ನಿಲ್ಲಿಸಬೇಡಿ. ಅಕ್ಷರ ದುಂಡಗಾಗಲು ಅದು ಬೇಕು.

ನಾಲ್ಕು, ಮಗುವಿನ ರಕ್ಷಣೆಯ ಪರೀಕ್ಷೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ವಿವರಗಳನ್ನು ಬಳಸುವ ಮುನ್ನ ಹೆತ್ತವರ ಸಮ್ಮತಿ ಪಡೆಯಬೇಕೆಂಬ ತತ್ತ್ವವನ್ನು ಮುಂದಿಟ್ಟಿದೆ. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ಅಧ್ಯಾಪಕರ ಧರ್ಮವೂ ಅದೇ. ಬರಹದ ಕೆಳಗೆ ಹೆಸರು ಮತ್ತು ತರಗತಿ ಸಾಕು. ಮನೆಯ ವಿಳಾಸ, ದೂರವಾಣಿ, ಹುಟ್ಟಿದ ದಿನಾಂಕ, ಒಂಟಿ ಭಾವಚಿತ್ರ ಬೇಡ. ಜೂನ್ ತಿಂಗಳಲ್ಲಿಯೇ ಹೆತ್ತವರಿಂದ ಕನ್ನಡದಲ್ಲಿ ಬರೆದ ಸಮ್ಮತಿಪತ್ರಕ್ಕೆ ಸಹಿ ಪಡೆಯಿರಿ. ಮುಂದೊಂದು ದಿನ ವಿದ್ಯಾರ್ಥಿ ತನ್ನ ಬರಹವನ್ನು ತೆಗೆದುಹಾಕಬೇಕೆಂದು ಕೇಳಿದರೆ ತೆಗೆದುಹಾಕುವ ಸೌಕರ್ಯವಿರಬೇಕು. ಓದುಗರ ಅಭಿಪ್ರಾಯಗಳು ಅಧ್ಯಾಪಕರು ನೋಡಿದ ಮೇಲಷ್ಟೇ ಪ್ರಕಟವಾಗಬೇಕು. ಮಕ್ಕಳು ಬರೆಯಲಿ, ತಿದ್ದಲಿ, ಪುಟ ಜೋಡಿಸಲಿ. ಪ್ರಕಟಿಸುವ ಗುಂಡಿ ಒತ್ತುವುದು ಅಧ್ಯಾಪಕರ ಕೆಲಸವಾಗಿರಲಿ.

ಈ ಆಯ್ಕೆಯನ್ನು ನಾವೇ ಮಾಡಿ ಮಕ್ಕಳಿಗೆ ಒಪ್ಪಿಸುವುದಕ್ಕಿಂತ ಮಕ್ಕಳಿಂದಲೇ ಮಾಡಿಸುವುದು ಮೇಲು. ಸಂಘದ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಅಧ್ಯಾಪಕರು ತೆರೆದುಕೊಟ್ಟ ಖಾತೆಗಳಲ್ಲಿ ಒಂದೇ ಗದ್ಯ, ಒಂದೇ ಕವನ, ಒಂದೇ ಚಿತ್ರವನ್ನು ಮೂರು ನೆಲೆಗಳಲ್ಲಿ ಹಾಕಲು ಹೇಳಿರಿ. ಎರಡು ವಾರಗಳ ಬಳಿಕ ಪ್ರತಿಯೊಂದು ಗುಂಪು ನಾಲ್ಕು ಪರೀಕ್ಷೆಗಳ ಫಲಿತಾಂಶವನ್ನು ಸಭೆಯಲ್ಲಿ ಮಂಡಿಸಲಿ. ಚರ್ಚೆಯ ನಂತರ ಮತದಾನವಾಗಲಿ. ನಿರ್ಣಯವನ್ನು ಕಾರಣ ಸಹಿತ ನಡಾವಳಿ ಪುಸ್ತಕದಲ್ಲಿ ಬರೆಯಲಿ. ವರದಿ ರಚನೆ, ತುಲನೆ, ಮಂಡನೆ, ಸಭಾಮರ್ಯಾದೆ, ಇವೆಲ್ಲವೂ ಕನ್ನಡ ತರಗತಿಯ ಕಲಿಕೆಯೇ ಆಗಿವೆ. ಮುಂದಿನ ವರ್ಷ ಬರುವ ಮಕ್ಕಳಿಗೂ ಈ ನೆಲೆಯನ್ನೇ ಏಕೆ ಆರಿಸಲಾಯಿತೆಂಬುದು ಆ ನಡಾವಳಿಯಿಂದ ತಿಳಿಯುತ್ತದೆ.

ನನ್ನ ಸಲಹೆ ಕೇಳುವುದಾದರೆ ಹೀಗೆ ಹೇಳುತ್ತೇನೆ. ಯು.ಪಿ. ಮತ್ತು ಪ್ರೌಢಶಾಲೆಯ ಸಾಧಾರಣ ಕನ್ನಡ ಸಂಘಕ್ಕೆ, ಹಣದ ನಿಶ್ಚಿತ ಮೂಲವಿಲ್ಲದಿರುವಾಗ, ಶಾಲೆಯ ಹೆಸರಿನ ಖಾತೆಯಲ್ಲಿ ತೆರೆದ ಬ್ಲಾಗರ್ ಸಾಕು. ಊರಿನ ಚರಿತ್ರೆ, ಸ್ಥಳನಾಮಗಳ ಮಾಹಿತಿ ಸ್ಕೂಲ್ ವಿಕಿಯಲ್ಲಿರಲಿ. ಇತರ ರಾಜ್ಯಗಳ ಮಿತ್ರರು ತಮ್ಮ ಶಿಕ್ಷಣ ಇಲಾಖೆ ಒದಗಿಸಿರುವ ತಾಣವನ್ನು ಮೊದಲು ವಿಚಾರಿಸಲಿ. ಮೂರು ವರ್ಷ ತಪ್ಪದೆ ನಡೆಸಿದ ಸಂಘ, ಪಿ.ಟಿ.ಎ. ಹಣದ ಹೊಣೆ ಹೊತ್ತರೆ, ಸ್ವಂತ ಹೆಸರಿನ ವರ್ಡ್‌ಪ್ರೆಸ್ ತಾಣಕ್ಕೆ ಹೋಗಬಹುದು. ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಬರಹಗಳನ್ನು ಸಾಗಿಸುವ ದಾರಿ ಇರುವುದರಿಂದ ಮೊದಲ ಮೂರು ವರ್ಷದ ಶ್ರಮ ವ್ಯರ್ಥವಾಗುವುದಿಲ್ಲ.

ಬಂಧುಗಳೇ, ಅಂದವಾದ ಮುಖಪುಟಕ್ಕಾಗಿ ತಿಂಗಳುಗಟ್ಟಲೆ ಕಾಯಬೇಡಿ. ಈ ಪಾದದಲ್ಲಿಯೇ ಹಳೆಯ ಕೈಬರಹ ಪತ್ರಿಕೆಗಳನ್ನು ಕಪಾಟಿನಿಂದ ತೆಗೆದು, ಓದಲು ಬರುವಷ್ಟನ್ನು ಮಕ್ಕಳಿಂದ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿಸಲು ಆರಂಭಿಸಿರಿ. ಅಂದು ಬರೆದ ವಿದ್ಯಾರ್ಥಿ ಇಂದು ನಿಮ್ಮದೇ ಶಾಲೆಯ ಮಗುವೊಂದರ ತಾಯಿಯೋ ತಂದೆಯೋ ಆಗಿರಬಹುದು. ಅವರನ್ನು ಕೇಳಿ, ಒಪ್ಪಿಗೆ ಪಡೆದು, ತಾಣದ ಮೊದಲ ಬರಹವಾಗಿ ಅದನ್ನೇ ಪ್ರಕಟಿಸಿರಿ. ಆ ಮೇಲೆ ಇಂದಿನ ಮಕ್ಕಳ ಬರಹ ಬರಲಿ.